ನಾಲ್ಕು ಹೆಸರಿನ ಒಂದು ಎದೆ

ನನಗೆ ಅವರ ಮುಖಕ್ಕಿಂತ ಎದೆಯ ಪರಿಚಯ ಹೆಚ್ಚು. ಎಡಗಡೆ, ಕೊರಳ ಬುಡದಿಂದ ಭುಜಕ್ಕೆ ಹೋಗುವ ಅಡ್ಡ ಎಲುಬಿನ ನಡುವೆ, ಯಾವತ್ತೋ ಮುರಿದು ಕೂಡಿಕೊಂಡ ಒಂದು ಗಂಟು ಇತ್ತು. ಅವಸರದಲ್ಲಿ ಹಗ್ಗಕ್ಕೆ ಹಾಕಿದ ಗಂಟಿನ ಹಾಗೆ. ಚೆಂಬೂರು ಸ್ಟೇಷನ್ನಿನ ಹತ್ತಿರದ ಒಂದು ಲ್ಯಾಬಿನಲ್ಲಿ ನಾನು ಹನ್ನೊಂದು ವರ್ಷ ಎಕ್ಸ್‌ರೇ ತೆಗೆಯುತ್ತಿದ್ದೆ. ಲೆಕ್ಕವಿಲ್ಲದಷ್ಟು ಎದೆಗಳನ್ನು ನೋಡಿದ್ದೇನೆ, ಮರೆತಿದ್ದೇನೆ. ಆ ಗಂಟನ್ನು ಮಾತ್ರ ನಾಲ್ಕು ಬೇರೆ ಬೇರೆ ಹೆಸರಿನ ಲಕೋಟೆಗಳಲ್ಲಿ ನೋಡಿದೆ. ನಾಲ್ಕೂ ಹೆಸರು ಅವರದಲ್ಲ. ನಾಲ್ಕೂ ಎದೆ ಅವರದೇ.

ಹೋದ ತಿಂಗಳು ಕುರ್ಲಾದ ಚಾಳಿನ ಒಂಟಿ ಕೋಣೆಯಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಬೇಡ ಅಂದಿದ್ದಾರೆ. ಅಲ್ಲದೆ ಹೆಸರಿನ ವಿಷಯದಲ್ಲಿ ಅವರಿಗೇ ಅಂಥ ಮಡಿ ಇರಲಿಲ್ಲ. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಕಾಕಾ ಬಾಗಲಕೋಟೆ ಕಡೆಯವರು. ಕುರ್ಲಾದ ಒಂದು ತಗಡಿನ ಶೆಡ್ಡಿನಲ್ಲಿ ಅವರ ಕೆಲಸ. ಎರಕ ಹೊಯ್ದು ಬಂದ ಕಬ್ಬಿಣದ ತುಂಡುಗಳನ್ನು, ಪಂಪಿನ ಹೊಟ್ಟೆ, ಗಾಲಿ, ಹಿಡಿಕೆ ಇಂಥವನ್ನು, ಗ್ರೈಂಡರಿಗೆ ಒತ್ತಿ ಉಜ್ಜುವುದು. ಎರಕದ ಮರಳು ತುಂಡಿಗೆ ಅಂಟಿಕೊಂಡೇ ಬರುತ್ತಿತ್ತು. ಚಕ್ರ ತಿರುಗಿದರೆ ಕಬ್ಬಿಣವೂ ಮರಳೂ ಒಟ್ಟಿಗೇ ಪುಡಿಯಾಗಿ ಏಳುತ್ತಿದ್ದವು. ಅಲ್ಲಿಂದ ಐದು ಜನ ವರ್ಷಕ್ಕೊಮ್ಮೆ ನಮ್ಮ ಲ್ಯಾಬಿಗೆ ಬಂದು, ಎದೆಯ ಚಿತ್ರ ತೆಗೆಸಿ, ಕೆಲಸಕ್ಕೆ ಅಡ್ಡಿಯಿಲ್ಲ ಎಂಬ ಕಾಗದವನ್ನು ಶೆಡ್ಡಿನ ಮಾಲೀಕ ಶೇಠ್‌ಗೆ ಒಯ್ಯಬೇಕಿತ್ತು. ಶೇಠ್‌ಗೆ ಬೇಕಾಗಿದ್ದು ಕಾಗದ. ಫಿಲ್ಮುಗಳನ್ನು ಯಾರೂ ಒಯ್ಯುತ್ತಿರಲಿಲ್ಲ. ಅವು ನಮ್ಮ ಸ್ಟೋರಿನಲ್ಲಿ ಕಂದು ಲಕೋಟೆಗಳಲ್ಲಿ ಬಿದ್ದಿರುತ್ತಿದ್ದವು. ಮುಂದೆ ಎಲ್ಲ ನಡೆದದ್ದು ಆ ಲಕೋಟೆಗಳಿಂದ.

ಮೊದಲ ಸಲ ಅವರು ತಮ್ಮದೇ ಹೆಸರಿನಲ್ಲಿ ಬಂದರು. ಚೀಟಿಯ ಹೆಸರು ನೋಡಿ ನಾನು ಕನ್ನಡದಲ್ಲೇ ಹೇಳಿದೆ, "ಅಂಗಿ ತೆಗೆಯಿರಿ. ಕಬ್ಬಿಣ ಗಿಬ್ಬಿಣ ಎಂಥಾದರೂ ಮೈಮೇಲೆ ಇದ್ದರೆ ಹೊರಗೆ ಇಡಿ."

"ಎಂಥಾದರೂ ಅಂತೀರಲ್ರಿ ಮಾಸ್ತರ್ರ, ಉಡುಪಿ ಕಡ್ಯಾವ್ರೇನು? ನಿಮ್ಮ ಮಂದಿ ಇಡ್ಲಿ ಬಿಟ್ಟು ಫೋಟೋ ತಗ್ಯಾಕ ಯಾವಾಗ ನಿಂತ್ರಿ?"

ಆಮೇಲೆ ಜೇಬಿನಿಂದ ಒಂದು ಚುಂಬಕ ತೆಗೆದರು. ಹಳೆಯ ಸ್ಪೀಕರಿನಿಂದ ಕಿತ್ತದ್ದು, ಬಿಸ್ಕತ್ತಿನಷ್ಟು ಅಗಲ. ಅದನ್ನು ಹುಬ್ಬಿನ ಮೇಲೆ ನಿಧಾನ ಎಳೆದು ನನಗೆ ತೋರಿಸಿದರು. ಅಂಚಿನಲ್ಲಿ ಕಪ್ಪು ಗಡ್ಡ ಬೆಳೆದ ಹಾಗೆ ಪುಡಿ ನೆಟ್ಟಗೆ ನಿಂತಿತ್ತು.

"ಮುಂಜಾನಿ ಜಳಕಾ ಮಾಡೇ ಬಂದೀನ್ರಿ. ಕಬ್ಬಿಣ ಹೊರಗ ಇಡ್ರಿ ಅಂದ್ರ ನನ್ನನ್ನ ಬಾಗಲದಾಗ ನಿಂದ್ರಿಸಬೇಕಾಗ್ತೈತಿ."

ನಾನು ನಕ್ಕೆ. ಆ ದಿನದ ಚಿತ್ರ ಸ್ವಚ್ಛ ಇತ್ತು. ಎಕ್ಸ್‌ರೇಯಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ. ಅವರ ಎರಡೂ ಕಡೆ ಒಳ್ಳೆಯ ಕಪ್ಪು. ಮೇಲೆ ಎಡಗಡೆ ಆ ಗಂಟು. ಹೋಗುವಾಗ ಕಾಗದದಲ್ಲಿ ಸುತ್ತಿದ ಒಂದು ಹೆಂಟೆ ಬೆಲ್ಲ ನನ್ನ ಮೇಜಿನ ಮೇಲೆ ಇಟ್ಟರು. ಗ್ರೈಂಡರಿನವರು ಬೆಲ್ಲ ತಿನ್ನಲೇಬೇಕು ಎಂಬುದು ಆ ಶೆಡ್ಡಿನ ನಂಬಿಕೆ. ಪ್ರತಿ ಶನಿವಾರ ಶೇಠ್ ತಾನೇ ಹಂಚುತ್ತಿದ್ದನಂತೆ.

"ಬೆಲ್ಲ ಧೂಳಿನ ಕೈ ಹಿಡಕೊಂಡು ಹೊಟ್ಟಿಗೆ ಒಯ್ತೈತ್ರಿ. ಹೊಟ್ಟಿಗೆ ಹೋದದ್ದು ಮುಂಜಾನಿ ತನ್ನ ದಾರಿ ತಾನು ನೋಡ್ಕೋತೈತಿ."

"ಎದೆಗೆ ಹೋದದ್ದು?"

"ಅದಕ್ಕs ನೀವದೀರಲ್ಲ, ನೋಡಿ ಹೇಳಾಕ."

ಎಂಟು ದಿನ ಬಿಟ್ಟು ಒಬ್ಬ ಬಿಹಾರಿ ಬಂದ. ತಲೆಗೂ ಗಲ್ಲಕ್ಕೂ ಗಮಛಾ, ಅವರ ಕಡೆಯ ಉದ್ದ ಟವಲು, ಸುತ್ತಿದ್ದ. ಚೀಟಿಯಲ್ಲಿ ಬಿಹಾರದ ಹೆಸರು. ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿದೆ, ಕೈ ಸೊಂಟಕ್ಕೆ ಇಡಿಸಿದೆ, ತಡಿಕೆಯ ಹಿಂದೆ ಹೋಗಿ "ಸಾಂಸ್ ರೋಕೋ" ಎಂದು ಉಸಿರು ಹಿಡಿಸಿದೆ. ಚಿತ್ರ ತೆಗೆದಾಯಿತು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು, ನಾನು ತಿರುಗಿದವನು ಅಭ್ಯಾಸಬಲದಿಂದ ಕನ್ನಡದಲ್ಲಿ "ಸಾಕು, ಉಸಿರು ಬಿಡಿ" ಅಂದುಬಿಟ್ಟೆ. ಬಿಹಾರಿ ದೊಡ್ಡದಾಗಿ ಉಸಿರು ಬಿಟ್ಟ.

ನಾನು ಹತ್ತಿರ ಹೋಗಿ ಎಡಗಡೆಯ ಎಲುಬು ನೋಡಿದೆ. ಗಂಟು ಅಲ್ಲೇ ಇತ್ತು.

ಗಮಛಾದ ಒಳಗಿಂದ ದನಿ ಬಂತು. "ಮಾಸ್ತರ್ರ, ನಿಮ್ಮ ಬಿಹಾರಿ ಭಾಷಾ ಭಾಳ ಛಲೋ ಐತಿ. ಪೂರ್ತಿ ನಮ್ಮ ಬಾಗಲಕೋಟಿ ಇದ್ದಂಗs."

ವಿಷಯ ಇಷ್ಟೇ. ಆ ಹೆಸರಿನ ನಿಜವಾದ ಮನುಷ್ಯ, ಶೆಡ್ಡಿನಲ್ಲಿ ಎಲ್ಲರೂ ಭಯ್ಯಾ ಎನ್ನುತ್ತಿದ್ದವನು, ದಿನವಿಡೀ ಕೆಮ್ಮುತ್ತಿದ್ದ. ಎದೆಯಲ್ಲಿ ಏನಾದರೂ ಕಂಡರೆ ಶೇಠ್ ಅವನನ್ನು ಮರುದಿನವೇ ಕಳಿಸುತ್ತಾನೆ. ಶೆಡ್ಡಿನ ಅಟ್ಟದಲ್ಲೇ ಮಲಗುವವನು, ಕೆಲಸ ಹೋದರೆ ಜಾಗವೂ ಹೋಯಿತು. ಅದಕ್ಕೆ ಕಾಕಾ ತಮ್ಮ ಎದೆ ಕಡ ಕೊಟ್ಟಿದ್ದರು.

"ಒಬ್ಬರ ಮನ್ಯಾಗ ಬೀಗರು ಬಂದಾಗ ಬಾಜೂಮನಿ ಖುರ್ಚಿ ತರೂದಿಲ್ಲೇನ್ರಿ? ಹಂಗs. ಕುಂತು ಎದ್ದ ಮ್ಯಾಲ ಖುರ್ಚಿ ನಮ್ಮದು ನಮಗs ಬರ್ತೈತಿ."

"ಇದು ತಪ್ಪಲ್ಲವಾ ಕಾಕಾ?"

"ತಪ್ಪು. ನೀವೇನೂ ನೋಡಿಲ್ಲ. ಬೆಲ್ಲ ತಿನ್ರಿ."

ನಾನು ಬೆಲ್ಲ ತಿಂದೆ. ಇದನ್ನು ಇದ್ದ ಹಾಗೆ ಬರೆಯಬೇಕು. ಒಬ್ಬ ಬಡವನ ಕೆಲಸ ಉಳಿಸುತ್ತಿದ್ದೇನೆ ಎಂದು ನಾನು ಆಗ ತಿಳಿದಿದ್ದೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಅದು ಬಹಳ ಮಜವಾಗಿ ಕಂಡಿತ್ತು.

ಮುಂದಿನ ವಾರಗಳಲ್ಲಿ ಇನ್ನಿಬ್ಬರ ಹೆಸರು, ಆಮೇಲೆ ಮತ್ತೊಬ್ಬನದು. ಹೀಗೆ ನಾಲ್ಕು ಜನಕ್ಕೂ ಕಾಕಾ ಎದೆಯೇ ಗತಿ. ಪ್ರತಿ ವರ್ಷ ನಾಲ್ಕು ಬೇರೆ ವಾರ ಕಾಕಾ ಬರುತ್ತಿದ್ದರು. ಒಮ್ಮೆ ಗಾಜಿಲ್ಲದ ಕನ್ನಡಕ. ಒಮ್ಮೆ ಹಲ್ಲುನೋವಿನವರ ಹಾಗೆ ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು, ಕೌಂಟರಿನಲ್ಲಿ ಊಂ ಊಂ ಎನ್ನುತ್ತ. ಕೌಂಟರಿನಲ್ಲಿ ಕೂರುವ ಮರಾಠಿ ಹೆಂಗಸನ್ನು ನಾವು ತಾಈ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಅವರು ನನಗೆ ಹೇಳುತ್ತಿದ್ದರು, "ಆ ಶೆಡ್ಡಿನವರು ಎಲ್ಲ ಒಂದೇ ನಮೂನೆ ಕಾಣ್ತಾರಪ್ಪ, ಬೂದಿ ಬಳಿದ ಹಾಗೆ." ನಾನು ಹೌದು ಎನ್ನುತ್ತಿದ್ದೆ.

ಐದನೆಯ ಚೀಟಿ, ಅಂದರೆ ತಮ್ಮದೇ ಚೀಟಿ ಹಿಡಿದು ಅವರು ಮತ್ತೆ ಬರಲಿಲ್ಲ. "ನಾಕ್ ಸಲ ಕಿರಣ ತಿಂದ ಮ್ಯಾಲ ಐದನೇದ್ದಕ್ಕ ನಾ ಹಪ್ಪಳ ಆಗ್ತೀನ್ರಿ" ಎಂದರು. ಮೊದಲ ವರ್ಷದ ಕಾಗದದ ಜೆರಾಕ್ಸ್ ಮೇಲೆ ವರ್ಷ ತಿದ್ದಿ ಶೆಡ್ಡಿನ ಗುಮಾಸ್ತನಿಗೆ ಕೊಡುತ್ತಿದ್ದರು. ಆದ್ದರಿಂದ ಕಾಗದದ ಪ್ರಕಾರ ಕಾಕಾ ಎದೆ ಎಂದೂ ಹಳತಾಗಲಿಲ್ಲ.

ಎಲುಬು ಹೇಗೆ ಮುರಿಯಿತು ಎಂದು ಪ್ರತಿ ವರ್ಷ ಕೇಳುತ್ತಿದ್ದೆ. ಪ್ರತಿ ವರ್ಷ ಬೇರೆ ಉತ್ತರ. ಕುಸ್ತಿಯಲ್ಲಿ ಜಮಖಂಡಿಯ ಪೈಲ್ವಾನ ಎತ್ತಿ ಹಾಕಿದ. ಎಮ್ಮೆ ಒದೆಯಿತು. ದಾದರಿನಲ್ಲಿ ಫಾಸ್ಟ್ ಲೋಕಲ್‌ನಿಂದ ಜನ ಇಳಿಸಿದರು, ನಾನು ಇಳಿಯಲಿಲ್ಲ. ಹೆಂಡತಿ ಲಟ್ಟಣಿಗೆಯಿಂದ ಹೊಡೆದಳು, ಆದರೆ ಆ ಲಟ್ಟಣಿಗೆ ಭಾಳ ಛಲೋ ಇತ್ತು. ಒಂದೊಂದನ್ನೂ ಅವರು ಆಣೆ ಹಾಕುವವರ ಮುಖ ಮಾಡಿ ಹೇಳುತ್ತಿದ್ದರು.

ಒಂದು ಸಲ ನಾನು ಆ ಶೆಡ್ಡಿಗೆ ಹೋಗಿದ್ದೇನೆ, ದಸರೆಯಲ್ಲಿ ಯಂತ್ರಗಳ ಪೂಜೆಗೆ ಕರೆದಿದ್ದರು. ಗ್ರೈಂಡರುಗಳಿಗೆ ಚೆಂಡು ಹೂವಿನ ಹಾರ ಹಾಕಿದ್ದರು. ನೆಲ ತೊಳೆದಿದ್ದರು. ಆದರೂ ಬಿಸಿಲು ಬಂದ ಕಡೆ ಗಾಳಿಯಲ್ಲಿ ಏನೋ ಮಿನುಗುತ್ತಿತ್ತು, ಹಬ್ಬಕ್ಕೆ ಜರಿ ಎರಚಿದ ಹಾಗೆ. ಕಾಕಾ ಒಂದು ತಗಡಿನ ತಟ್ಟೆಯ ಮೇಲೆ ಪುಡಿ ಹರಡಿ, ಕೆಳಗೆ ಚುಂಬಕ ಆಡಿಸಿ, ಪುಡಿಯನ್ನು ಕುಣಿಸುತ್ತಿದ್ದರು. ಕೆಲಸಗಾರರ ಮಕ್ಕಳು ಸುತ್ತ ಕೂತಿದ್ದರು. ಪುಡಿ ಗುಪ್ಪೆಯಾಗಿ ಎದ್ದಾಗ "ಇದು ಶೇಠ್‌ನ ಮೀಸಿ" ಎನ್ನುವರು. ಶೇಠ್ ಅಲ್ಲೇ ನಿಂತು ತೆಂಗಿನಕಾಯಿ ಒಡೆಯುತ್ತಿದ್ದ. ಅವನಿಗೆ ಕನ್ನಡ ಬಾರದು.

ಗೋಡೆಯ ಮೇಲ್ಗಡೆ ಧೂಳು ಎಳೆಯುವ ದೊಡ್ಡ ಫ್ಯಾನೊಂದಿತ್ತು. ಅದರ ರೆಕ್ಕೆಗಳ ನಡುವೆ ಪಾರಿವಾಳ ಗೂಡು ಕಟ್ಟಿತ್ತು.

"ಅದು ತಿರುಗೂದಿಲ್ವಾ?" ಎಂದೆ.

"ಚಾಲೂ ಮಾಡಿದ್ರ ಅಕಿ ಬಾಣಂತನ ಕೆಡ್ತೈತಲ್ರಿ. ನಮ್ಮ ಶೇಠ್ ದಯಾಳು. ಹಕ್ಕಿ ನೋವು ನೋಡಾಂಗಿಲ್ಲ."

"ಮೂಗಿಗೆ ಎಂಥದೂ ಕಟ್ಟಿಕೊಳ್ಳುವುದಿಲ್ವಾ ಮಾರಾಯ್ರೆ?"

ಕೊರಳಲ್ಲಿದ್ದ ಕರವಸ್ತ್ರ ತೋರಿಸಿದರು. ಹಿಟ್ಟಿಗೆ ಹಿಡಿದ ಜರಡಿಯ ಹಾಗೆ ಅದರಿಂದ ಆಕಡೆಯ ಬೆಳಕು ಕಾಣುತ್ತಿತ್ತು.

ನಾಲ್ಕನೆಯ ವರ್ಷದ ಫಿಲ್ಮಿನಲ್ಲಿ ನಾನು ಮೊದಲ ಸಲ ಚುಕ್ಕಿಗಳನ್ನು ಕಂಡೆ. ಎರಡೂ ಕಡೆ, ಮೇಲ್ಭಾಗದಲ್ಲಿ, ಕಪ್ಪು ಬಟ್ಟೆಯ ಮೇಲೆ ಚಿಟಿಕೆ ರವೆ ಬಿದ್ದ ಹಾಗೆ. ಫಿಲ್ಮ್ ತೊಳೆದದ್ದು ಸರಿಯಾಗಿಲ್ಲವೇನೋ ಅಂದುಕೊಂಡು ಮುಂದಿನ ವಾರದ್ದನ್ನು ನೋಡಿದೆ. ಬೇರೆ ಹೆಸರು, ಅದೇ ಗಂಟು, ಅದೇ ರವೆ. ರಿಪೋರ್ಟ್ ಬರೆಯುವ ಡಾಕ್ಟರು ವಾರಕ್ಕೆರಡು ಸಲ ಬಂದು, ಚಹಾ ಆರುವುದರೊಳಗೆ ಒಂದು ರಾಶಿಗೆ ಸಹಿ ಹಾಕಿ ಹೋಗುವವರು. ಅವರು ಏನೂ ಬರೆಯಲಿಲ್ಲ. ಓದುವುದು ಅವರ ಕೆಲಸ, ತೆಗೆಯುವುದು ನನ್ನ ಕೆಲಸ ಎಂದು ನಾನು ಲಕೋಟೆ ಮುಚ್ಚಿದೆ. ಆರನೆಯ ವರ್ಷ ರವೆ ಹೆಚ್ಚಿತ್ತು. ಕಾಕಾಗೆ ಹೇಳಿದೆ.

"ಕಾಕಾ, ನಿಮ್ಮ ಎದೆಯಲ್ಲಿ ಎಂಥದೋ ಬಂದಿದೆ. ಸರಿಯಾದ ಡಾಕ್ಟರಿಗೆ ತೋರಿಸಿ."

"ಯಾರ ಎದ್ಯಾಗ್ರಿ? ಹೆಸರು ನೋಡಿ ಹೇಳ್ರಿ."

ನಾನು ಲಕೋಟೆ ನೋಡಿದೆ. ಅದರಲ್ಲಿ ಭಯ್ಯಾನ ಹೆಸರಿತ್ತು. ಅವರು ಕಣ್ಣು ಮಿಟುಕಿಸಿ ಹೋದರು. ಮೆಟ್ಟಿಲು ಇಳಿಯುವಾಗ ನಡುವೆ ಒಂದು ಸಲ ನಿಂತರು. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಎಂಬಂತೆ ಕಾಲು ಎತ್ತಿ ನೋಡಿಕೊಂಡರು. ಚಪ್ಪಲಿಯಲ್ಲಿ ಏನೂ ಇರಲಿಲ್ಲ. ಅದನ್ನೂ ನಾನು ನೋಡಿದ್ದೇನೆ.

ಒಂಬತ್ತನೆಯ ವರ್ಷ ಹಳೆಯ ಡಾಕ್ಟರು ಹೋಗಿ ಹೊಸಬರು ಬಂದರು. ಅವರು ಫಿಲ್ಮ್ ಓದುವವರು. ಶೆಡ್ಡಿನ ನಾಲ್ಕು ರಿಪೋರ್ಟುಗಳಲ್ಲೂ ಒಂದೇ ಮಾತು ಬರೆದರು. ಎರಡೂ ಶ್ವಾಸಕೋಶಗಳಲ್ಲಿ ಚುಕ್ಕಿಗಳು, ಕ್ಷಯ ಇರಬಹುದು, ಕೂಡಲೇ ತೋರಿಸಿ.

ಮರುದಿನ ನಾಲ್ವರೂ ಕಾಕಾನನ್ನು ಎಳೆದುಕೊಂಡು ಲ್ಯಾಬಿಗೆ ಬಂದರು. ಒಳಗೆ ಜಾಗ ಸಾಲದೆ ಕಾರಿಡಾರಿನಲ್ಲಿ ನಿಂತು ಜಗಳ. ಭಯ್ಯಾ ರಿಪೋರ್ಟನ್ನು ಅವರ ಮೂಗಿಗೆ ಹಿಡಿದಿದ್ದ.

"ಕಾಕಾ, ಖರಾಬ್ ಮಾಲ್ ದಿಯಾ ಹಮ್‌ಕೋ."

ಇನ್ನೊಬ್ಬ, ಕಾಕಾ ಕಡೆಯವನೇ, "ಅಲ್ಲೋ ಯಣ್ಣಾ, ಎದಿ ಹುಳುಕಾಗೈತಿ ಅಂತ ಮೊದಲs ಹೇಳಬಾರದೇನು? ನಮ್ಮ ಎದೀನs ತರ್ತಿದ್ವಲ್ಲ" ಎಂದ.

"ನನಗೇನ್ ಗೊತ್ತೋ? ಹೊರಗಿಂದ ಛಲೋನs ಕಾಣ್ತಿತ್ತಲ್ಲ," ಎಂದರು ಕಾಕಾ. "ಒಂಬತ್ತು ವರ್ಷ ಪುಕ್ಕಟ ವಾಪರಿಸಿ ಈಗ ಕೊರತಿ ತಗೀತೀರಿ. ನಾಲ್ಕ್ ಮಂದಿ ಕೂಡಿ ಸವಿಸೀರಿ ಅದನ್ನ."

ಎಲ್ಲರೂ ನಕ್ಕರು. ಬೈಯುತ್ತಿದ್ದ ಭಯ್ಯಾನೂ ನಕ್ಕು ಕೆಮ್ಮಿದ. ನಗು ನಿಂತ ಮೇಲೆ ಯಾರೂ ಕಾಕಾ ಮುಖ ನೋಡಲಿಲ್ಲ. ಆ ನಾಲ್ಕು ಕಾಗದ ನಿಜವಾಗಿ ಯಾರ ಬಗ್ಗೆ ಹೇಳುತ್ತಿವೆ ಎಂಬುದು ಐವರಿಗೂ ಒಟ್ಟಿಗೇ ತಿಳಿದಂತಿತ್ತು. ಆರನೆಯವನು ನಾನು. ನನಗೆ ಐದು ವರ್ಷದಿಂದ ಗೊತ್ತಿತ್ತು.

ಆಮೇಲೆ ಆದದ್ದು ಯಾರಿಗೂ ಬೇಕಾಗಿರಲಿಲ್ಲ. ಶೇಠ್ ನಾಲ್ವರನ್ನೂ ಗ್ರೈಂಡರಿನಿಂದ ಎಬ್ಬಿಸಿ, ಔಷಧಿ ತಗೊಂಡು ವಾಸಿಯಾದ ಕಾಗದ ತನ್ನಿ ಎಂದ. ಕಫದಲ್ಲಿ ಏನೂ ಸಿಗದಿದ್ದರೂ, ಫಿಲ್ಮ್ ನೋಡಿ, ಕೆಮ್ಮು ನೋಡಿ, ಭಯ್ಯಾನಿಗೆ ಒಂದು ದವಾಖಾನೆಯಲ್ಲಿ ಕ್ಷಯದ ಗುಳಿಗೆ ಶುರು ಮಾಡಿದರು. ಉಳಿದ ಮೂವರು ದವಾಖಾನೆಗಳ ಸಾಲಿನಲ್ಲಿ ನಿಂತಿದ್ದರು. ಕಾಕಾ ಹೆಸರಿಗೆ ಇದ್ದದ್ದು ಮೊದಲ ವರ್ಷದ ಸ್ವಚ್ಛ ಕಾಗದ. ಆದ್ದರಿಂದ ಐದು ಗ್ರೈಂಡರುಗಳ ಕೆಲಸಕ್ಕೆ ಉಳಿದವರು ಅವರೊಬ್ಬರೇ. ಹೊಸಬರನ್ನು ಹಾಕುವವರೆಗೆ ಹೊತ್ತು ಹೆಚ್ಚು ಮಾಡಿ ನಡೆಸು ಎಂದು ಶೇಠ್ ಹೇಳಿದ. ಅವರು ನಡೆಸಿದರು.

ಇಪ್ಪತ್ತು ದಿನದ ಮೇಲೆ ಕಾಕಾ ಸುಮ್ಮನೆ ಲ್ಯಾಬಿಗೆ ಬಂದರು. ಚೀಟಿ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಉಸಿರು ಸರಿಯಾಗುವವರೆಗೆ ಚುಂಬಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು.

"ಭಯ್ಯಾಗ ಉಚ್ಚಿ ಕೇಸರಿ ಆಗೈತಂತ್ರಿ ಆ ಗುಳಗಿಗೆ. ಅಂವಾ ಗಾಬರಿ ಬಿದ್ದು ನನಗ ತೋರ್ಸಾಕ ಬಂದಿದ್ದ. ನನ್ನ ಎದಿ ಗುಳಗಿ ಅಂವಾ ನುಂಗಾಕತ್ತಾನ, ಅವನ ಗ್ರೈಂಡರ ನಾ ತಿರುಗ್ಸಾಕತ್ತೀನಿ. ಲೆಕ್ಕ ಸರಿ ಐತಿ." ಚುಂಬಕ ನಿಲ್ಲಿಸಿ, "ಊಟಾ ಸೇರವಲ್ದಂತ ಅವಂಗ" ಎಂದರು.

"ನೀವು ಹೋಗಿ ನಿಜ ಹೇಳಿಬಿಡಿ ಕಾಕಾ."

"ಹೇಳಿದ್ನಿ. ದವಾಖಾನ್ಯಾಗ ಹೇಳಿದ್ನಿ, ಆ ಎದಿ ನಂದ್ರಿ ಅಂತ. ಹೊರಗ ಕಳಿಸಿದ್ರು, ಕುಡದು ಬಂದೀಯೇನು ಅಂದ್ರು."

ಒಬ್ಬನ ಎಕ್ಸ್‌ರೇ ಇನ್ನೊಬ್ಬನದು ಎಂದು ಹೇಳಿದರೆ ಯಾರು ನಂಬುತ್ತಾರೆ? ತೆಗೆದವನು ಹೇಳಿದರೆ ನಂಬುತ್ತಾರೆ. ಅದನ್ನು ಅವರು ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದ್ದರೆ ನಾನು ಏನಾದರೊಂದು ನೆಪ ಹೇಳುತ್ತಿದ್ದೆನೇನೋ. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಎದ್ದರು, ಬೆಲ್ಲದ ಪೊಟ್ಟಣ ಮೇಜಿನ ಮೇಲೆ ಇಟ್ಟರು. ಬಾಗಿಲ ತನಕ ಹತ್ತು ಹೆಜ್ಜೆ. ನಡುವೆ ಎರಡು ಸಲ ಚಪ್ಪಲಿಯಲ್ಲಿ ಕಲ್ಲು ಹುಡುಕಿದರು.

ಆ ಸಂಜೆ ನಾನು ಸ್ಟೋರಿಗೆ ಹೋಗಿ ಲಕೋಟೆಗಳನ್ನು ತೆಗೆದೆ. ನಾಲ್ಕು ಹೆಸರಿನವು, ಒಂಬತ್ತು ವರ್ಷದವು, ಮತ್ತು ಕಾಕಾ ಹೆಸರಿನ ಒಂದೇ ಒಂದು. ಎರಡು ದಿನ ರಜೆ ಹಾಕಿ, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶ್ವಾಸಕೋಶ ನೋಡುವ ಡಾಕ್ಟರ ಹತ್ತಿರ ಹೋದೆ. ಅವರು ಹೆಂಗಸು, ನನಗಿಂತ ಚಿಕ್ಕವರು. ಫಿಲ್ಮುಗಳನ್ನು ವರ್ಷದ ಕ್ರಮದಲ್ಲಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಅವರು ಹೆಸರು ಓದುತ್ತ ಬಂದು ಹಿಂದಿಯಲ್ಲಿ ಕೇಳಿದರು, "ಇವರು ಒಂದೇ ಮನೆಯವರಾ?"

"ಅಲ್ಲ ಮೇಡಂ. ಒಬ್ಬರೇ." ನಾನು ಎಡಗಡೆಯ ಗಂಟನ್ನು ಒಂದೊಂದರಲ್ಲೂ ಬೆರಳಿನಿಂದ ತೋರಿಸಿದೆ.

ಅವರು ಮತ್ತೆ ಮೊದಲಿನಿಂದ ನೋಡಿದರು. ಸ್ವಚ್ಛ, ಸ್ವಚ್ಛ, ಚಿಟಿಕೆ ರವೆ, ಹಿಡಿ ರವೆ. ಕೊನೆಯದರಲ್ಲಿ ರವೆ ಅಲ್ಲಲ್ಲಿ ಕೂಡಿಕೊಂಡು ಉಂಡೆ ಕಟ್ಟತೊಡಗಿತ್ತು.

"ಇಷ್ಟು ವರ್ಷದ್ದು, ಹೀಗೆ ಒಂದರ ಪಕ್ಕ ಒಂದು, ನನಗೆ ಯಾರೂ ತಂದುಕೊಟ್ಟಿಲ್ಲ," ಎಂದರು. "ಕ್ಷಯ ಇಷ್ಟು ತಾಳ್ಮೆಯಿಂದ ಬರುವುದಿಲ್ಲ. ಇದು ಧೂಳು, ಲೋಹದ್ದೂ ಮರಳಿನದೂ. ಇದಕ್ಕೆ ಆ ಗುಳಿಗೆ ಬೇಡ. ಒಳಗೆ ಹೋದದ್ದನ್ನು ತೆಗೆಯುವ ಗುಳಿಗೆ ಯಾವುದೂ ಇಲ್ಲ. ಇನ್ನು ಹೋಗದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ." ಆಮೇಲೆ ನನ್ನ ಕಡೆ ತಿರುಗಿದರು. "ಮಧ್ಯದ ಈ ಫಿಲ್ಮ್ ತೆಗೆದಾಗ ಹೇಳಿದ್ದರೆ ಬಹಳ ಉಳಿಯುತ್ತಿತ್ತು. ತೆಗೆದವರು ಯಾರು?"

"ನಾನೇ."

ಅವರು ಅದನ್ನು ಬರೆದುಕೊಂಡರು. ನನಗೆ ಅಷ್ಟು ಸಾಕಾಯಿತು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ಲಕೋಟೆಗಳನ್ನು ಮತ್ತೆ ವರ್ಷದ ಕ್ರಮದಲ್ಲಿ ಜೋಡಿಸಿದೆ.

ಡಾಕ್ಟರು ಐವರ ಚಿತ್ರವನ್ನೂ ಹೊಸದಾಗಿ ತೆಗೆಸಲು ಹೇಳಿದ್ದರು. ನಮ್ಮ ಲ್ಯಾಬಿನ ಮಾಲೀಕರಿಗೆ ನಾನು ಎಲ್ಲ ಹೇಳಿ ಆಗಿತ್ತು. ತಿಂಗಳ ಕೊನೆಗೆ ಹೊರಡು ಎಂದಿದ್ದರು. ಈ ಐದನ್ನು ನಾನೇ ತೆಗೆದು ಹೋಗುತ್ತೇನೆ ಎಂದು ಕೇಳಿಕೊಂಡೆ, ಒಪ್ಪಿದರು. ಕಾಕಾ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು, ಮದುವೆಮನೆಯ ಹಿರಿಯರ ಹಾಗೆ. ಒಬ್ಬೊಬ್ಬನೂ ಒಳಗೆ ಹೋಗುವಾಗ ತಡೆದು ಕೇಳುತ್ತಿದ್ದರು.

"ಸ್ವಂತ ಎದಿ ತಂದೀಯೇನಲೇ?"

"ತಂದೀನಿ ಯಣ್ಣಾ."

"ಬಿಚ್ಚಿ ತೋರ್ಸು."

ನಾಲ್ಕು ಎದೆಗಳನ್ನು ನಾನು ಮೊದಲ ಸಲ ನೋಡಿದೆ. ಹೆಸರು ಗೊತ್ತಿದ್ದು ಒಂಬತ್ತು ವರ್ಷವಾಗಿತ್ತು. ಇಬ್ಬರಿಗೆ ರವೆ ಶುರುವಾಗಿತ್ತು. ಒಬ್ಬನಿಗೆ ಇಲ್ಲ. ಕೊನೆಗೆ ಭಯ್ಯಾ. ಅವನ ಫಿಲ್ಮನ್ನು ಬೆಳಕಿಗೆ ಹಿಡಿದಾಗ, ಲಕೋಟೆ ಅದಲುಬದಲಾಯಿತೇನೋ ಎಂದು ಹೆದರಿ ಮತ್ತೊಮ್ಮೆ ಹೆಸರು ನೋಡಿದೆ. ಎರಡೂ ಕಡೆ ಕಪ್ಪು. ಒಂದು ಚುಕ್ಕಿಯೂ ಇಲ್ಲ. ಅವನ ಕೆಮ್ಮು ಗಂಟಲಿನದು, ಅರ್ಧ ಧೂಳು, ಅರ್ಧ ಬೀಡಿ ಎಂದು ಡಾಕ್ಟರು ಆಮೇಲೆ ಹೇಳಿದರು.

ನಾನು ಹೊರಗೆ ಬಂದು ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಭಯ್ಯಾನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಮನ್ಯಾಗ ರೇಷ್ಮಿ ಪಟಗಾ ಇಟ್ಕೊಂಡು ಒಂಬತ್ತು ವರ್ಷ ನನ್ನ ಹರಕ ಟಾವೆಲ್ ಕಡಾ ಒಯ್ದೇನೋ ಮಗನ."

ಭಯ್ಯಾನಿಗೆ ಮಾತು ಅರ್ಥವಾಗಲಿಲ್ಲ. ಇನ್ನೊಬ್ಬ ಹಿಂದಿಯಲ್ಲಿ ತಿಳಿಸಿ ಹೇಳಿದ. ಭಯ್ಯಾ ಅಲ್ಲೇ ನೆಲಕ್ಕೆ ಕೂತು ಮುಖ ಮುಚ್ಚಿಕೊಂಡ. ಕಾಕಾ ನಗುತ್ತಿದ್ದರು. ನಗು ಅರ್ಧಕ್ಕೆ ಉಸಿರು ಕಟ್ಟಿತು. ನಾನು ಬೆನ್ನು ನೀವಿದೆ. ಉಸಿರು ಬಂದ ಮೇಲೆ ಮತ್ತೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ನಕ್ಕರು.

ಐದನೆಯ ಚೀಟಿ ಅವರದು. ಲಕೋಟೆಯ ಮೇಲೆ ಹೆಸರು ದೊಡ್ಡದಾಗಿ ಬರೆಯಿರಿ ಎಂದರು. ಬರೆದೆ. ದೂರ ಹಿಡಿದು ಓದಿಕೊಂಡು, "ಛಲೋ ಹೆಸರಿತ್ತಲ್ರಿ ನಂದು" ಎಂದರು.

ಡಾಕ್ಟರ ಕಾಗದ ಕಾರ್ಖಾನೆ ಇಲಾಖೆಗೆ ಹೋದ ಮೇಲೆ ಶೆಡ್ಡಿಗೆ ತಪಾಸಣೆ ಬಂತಂತೆ. ಪಾರಿವಾಳದ ಗೂಡು ತೆಗೆದರು, ಫ್ಯಾನು ತಿರುಗಿತು. ರವೆ ಶುರುವಾಗಿದ್ದ ಇಬ್ಬರನ್ನು ಪ್ಯಾಕಿಂಗಿಗೆ ಕೂರಿಸಿದರು. ಭಯ್ಯಾನ ಗುಳಿಗೆ ನಿಂತಿತು. ಕಾಕಾ ಗ್ರೈಂಡರ್ ಬಿಟ್ಟರು, ಮತ್ತೆ ಅದನ್ನು ಮುಟ್ಟಲಿಲ್ಲ. ಶನಿವಾರದ ಬೆಲ್ಲ ಮಾತ್ರ ಹಾಗೇ ಇದೆ.

ನನಗೆ ದಾದರಿನಲ್ಲಿ ಬೇರೆ ಲ್ಯಾಬು ಸಿಕ್ಕಿತು. ಮೂರು ವರ್ಷ, ಸಾಧ್ಯವಾದ ಭಾನುವಾರಗಳಲ್ಲಿ ಕುರ್ಲಾಕ್ಕೆ ಹೋಗುತ್ತಿದ್ದೆ. ಮೊದಲು ಅವರು ಚಾಳಿನ ಕೆಳಗೆ ಕೂತಿರುತ್ತಿದ್ದರು. ಆಮೇಲೆ ತಮ್ಮ ಬಾಗಿಲ ಕಟ್ಟೆಯ ಮೇಲೆ, ಆಮೇಲೆ ಮಂಚದ ಮೇಲೆ. ಕೊನೆಯ ವರ್ಷ ಮೂಗಿಗೆ ಆಕ್ಸಿಜನ್ ನಳಿಗೆ. ಹೇಗಿದ್ದೀರಿ ಎಂದರೆ, "ನೋಡ್ರಿ, ಈಗ ಗಾಳಿನೂ ಕಡಾ" ಎನ್ನುತ್ತಿದ್ದರು. ವಾರಕ್ಕೊಮ್ಮೆ ಭಯ್ಯಾ ಬಂದು ಅವರಿಗೆ ಸ್ನಾನ ಮಾಡಿಸುತ್ತಿದ್ದ. ಕೆಮ್ಮುತ್ತಲೇ ಮಾಡಿಸುತ್ತಿದ್ದ. "ಸುಳ್ಳು ಕೆಮ್ಮ ಬಿಡೋ ಭಯ್ಯಾ, ನಿನ್ನ ಫೋಟೋ ನೋಡೀನಿ" ಎಂದು ಇವರು ಗದರುತ್ತಿದ್ದರು.

ಒಂದು ಭಾನುವಾರ ನನಗೆ ಹೇಳಿದರು, "ನನ್ನ ಸುಟ್ಟ ಮ್ಯಾಲ ಎಲುಬು ಆರಿಸಾಕ ಬಗ್ಗಬ್ಯಾಡ್ರಿ. ಬೂದಿ ಮ್ಯಾಲ ಚುಂಬಕ ಆಡಸ್ರಿ. ನಾ ಎದ್ದು ಬರ್ತೀನಿ."

ಹೋದ ತಿಂಗಳು ಚುಂಬಕವನ್ನು ಕಾಕು, ಅಂದರೆ ಅವರ ಹೆಂಡತಿ, ನನ್ನ ಕೈಗೆ ಕೊಟ್ಟರು. ನಾನು ಆಡಿಸಲಿಲ್ಲ. ಅದು ಈಗಲೂ ನನ್ನ ಜೇಬಿನಲ್ಲಿದೆ. ಆ ಗಂಟಿನ ಕಥೆ ನಿಜವಾಗಿ ಏನು ಎಂದು ಅವರನ್ನು ಕೇಳಿದೆ.

"ಪಂಚಮಿ ಜೋಕಾಲಿ," ಎಂದರು ಕಾಕು. "ನನ್ನ ನೋಡಾಕ ಬಂದಿದ್ರು. ಹೆಣಮಕ್ಕಳ ಜೋಕಾಲಿ ಏರಿ, ಎರಡೂ ಕೈ ಬಿಟ್ಟು ಜೀಕ್ತೀನಿ ನೋಡು ಅಂದ್ರು. ನೋಡಿದ್ನಿ. ಬಿದ್ರು. ಬಿದ್ದವ್ರು ಅಳಲಿಲ್ಲ, ನಕ್ಕೋತ ಕುಂತಿದ್ರು. ಅದಕ್ಕs ಹೂಂ ಅಂದ್ನಿ."

ಮೊನ್ನೆ ದಾದರಿನ ಲ್ಯಾಬಿಗೆ ಬೇರೆ ಯಾವುದೋ ಕಾರ್ಖಾನೆಯಿಂದ ಮೂವರು ಬಂದರು. ಹುಬ್ಬು ಬೂದಿ, ಕೈ ಬೂದಿ. ಇಬ್ಬರು ಹೊರಗೆ ಬೆಂಚಿನಲ್ಲಿ ಕೂತರು. ಅವರಲ್ಲಿ ಒಬ್ಬ ಕೆಮ್ಮುತ್ತಿದ್ದ. ಮೂರನೆಯವನು ಚೀಟಿ ಕೊಟ್ಟು, ನಾನು ಹೇಳುವ ಮೊದಲೇ ಅಂಗಿ ತೆಗೆದು, ಪ್ಲೇಟಿಗೆ ಎದೆ ಒತ್ತಿ, ಕೈ ಸೊಂಟಕ್ಕೆ ಇಟ್ಟು ನಿಂತ. ಬಹಳ ಸಲ ನಿಂತವನ ಹಾಗೆ. ಚೀಟಿಯಲ್ಲಿ ಉತ್ತರ ಕರ್ನಾಟಕದ ಹೆಸರು. ನಾನು ಅವನ ಬೆನ್ನ ಹಿಂದಿನಿಂದ ಆ ಹೆಸರು ಹಿಡಿದು ಕರೆದೆ.

ಅವನು ತಿರುಗಲಿಲ್ಲ. ಹೊರಗೆ ಬೆಂಚಿನಲ್ಲಿ ಕೆಮ್ಮು ನಿಂತಿತು.

ನಾನು ಬಾಗಿಲು ತೆರೆದೆ. ಕೆಮ್ಮುತ್ತಿದ್ದವನು ಕರವಸ್ತ್ರ ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ.

"ಬರ್ರಿ ಒಳಗ," ಎಂದೆ, ನನಗೆ ಬರುವಷ್ಟು ಬಾಗಲಕೋಟೆಯಲ್ಲಿ. "ಸ್ವಂತ ಎದಿ ತಗೊಂಡು ಬರ್ರಿ."